ಪುಷ್ಯದ ನೀರು, ಉತ್ತರೆಯ ನೀರು: ಭೀಮೆಯ ನೆರೆ ಎಲ್ಲಿಂದ ಬರುತ್ತದೆ?

2024ರ ಮಾರ್ಚ್‌ನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರದಲ್ಲಿ ಜನ ಉಪವಾಸ ಕುಳಿತಿದ್ದರು. ಬತ್ತಿದ ಭೀಮೆಗೆ ನೀರು ಬಿಡಿ ಎಂಬುದು ಅವರ ಬೇಡಿಕೆ. ಐದು ತಿಂಗಳು ತುಂಬುವುದರೊಳಗೆ, ಆಗಸ್ಟ್ ಮೊದಲ ವಾರದಲ್ಲಿ, ಅದೇ ತಾಲ್ಲೂಕಿನ ನದಿದಂಡೆಯ ಹಳ್ಳಿಗಳಿಗೆ ಮೇಲ್ಭಾಗದಲ್ಲಿ, ಮಹಾರಾಷ್ಟ್ರದಲ್ಲಿ, ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನಿಂದ ನೀರು ಬರುತ್ತಿದೆ, ಹೊಳೆಗೆ ಇಳಿಯಬೇಡಿ ಎಂಬ ಎಚ್ಚರಿಕೆ ಹೋಯಿತು. ಮರುವರ್ಷ, 2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಭೀಮೆ ಉಕ್ಕಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ತೀರದ ಹೊಲಗಳು ನೀರಿನಡಿ ಹೋದವು. ಸೋಲಾಪುರ–ವಿಜಯಪುರ ಹೆದ್ದಾರಿಯಲ್ಲಿ ಸಂಚಾರ ನಿಂತಿತು. ಸೆಪ್ಟೆಂಬರ್ 30ರಂದು ಕರ್ನಾಟಕದ ಮುಖ್ಯಮಂತ್ರಿ ವೈಮಾನಿಕ ಸಮೀಕ್ಷೆ ನಡೆಸಿದರು.

ಪುಣೆಯ ಕನ್ನಡ ಮನೆಗಳಲ್ಲಿ ಈ ಸುದ್ದಿ ಮೂಡಿಸಿದ ಗೊಂದಲ ಸಣ್ಣದಲ್ಲ. ಇಲ್ಲಿ ದುಡಿಯುವ ಸಾವಿರಾರು ಕುಟುಂಬಗಳ ಊರು ಇಂಡಿ, ಆಲಮೇಲ, ಅಫಜಲಪುರ, ಜೇವರ್ಗಿಯ ಕಡೆಗೆ. ಅವರಿಗೆ ಪುಣೆಯ ಮೇಲಿನ ಖಡಕವಾಸಲ ಅಣೆಕಟ್ಟಿನ ನೀರೂ ಗೊತ್ತು, ಭೀಮಾ ತೀರವೂ ಗೊತ್ತು. ಆ ವಾರ ಪುಣೆ ಮುಳುಗಿರಲಿಲ್ಲ. ಹಾಗಿದ್ದ ಮೇಲೆ ಊರಿನಲ್ಲಿ ನೆರೆ ಹೇಗೆ ಬಂತು? ಹಿಂದಿನ ವರ್ಷ ಜುಲೈಯಲ್ಲಿ ಪುಣೆಯ ಮನೆಗಳಿಗೇ ನೀರು ನುಗ್ಗಿದ ದಿನ ಊರಿನಲ್ಲಿ ಹೊಳೆ ಏಕೆ ತಣ್ಣಗಿತ್ತು? "ಮಹಾರಾಷ್ಟ್ರ ಗೇಟು ತೆಗೆಯಿತು" ಎಂಬ ಒಂದೇ ಮಾತು ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. "ಹವಾಮಾನ ಬದಲಾವಣೆ" ಎಂಬ ಒಂದೇ ಪದವೂ ಕೊಡುವುದಿಲ್ಲ.

ಒಂದೇ ಹೊಳೆ, ಎರಡು ನಾಡು

ಭೀಮಾಶಂಕರದಲ್ಲಿ ಹುಟ್ಟಿ ರಾಯಚೂರಿನ ಸಮೀಪ ಕೃಷ್ಣೆಯನ್ನು ಸೇರುವ ಭೀಮೆಯ ಉದ್ದ 861 ಕಿಲೋಮೀಟರ್. ಅದರ ಕಣಿವೆಯ ಮೂರನೇ ಎರಡು ಭಾಗದಷ್ಟು ಮಹಾರಾಷ್ಟ್ರದಲ್ಲಿದೆ. ಮುಳಾ, ಮುಠಾ, ಪವನಾ, ಇಂದ್ರಾಯಣಿ, ಘೋಡ್ ಹೊಳೆಗಳು ಸಹ್ಯಾದ್ರಿಯಿಂದ ಇಳಿದು, ಪುಣೆಯ ಸುತ್ತಮುತ್ತಲಿನ ನೀರನ್ನೆಲ್ಲ ಹೊತ್ತು, ಉಜನಿಯ ಮೇಲ್ಭಾಗದಲ್ಲಿ ಭೀಮೆಯನ್ನು ಕೂಡುತ್ತವೆ. ನೀರಾ ನದಿ ಉಜನಿಯ ಕೆಳಗೆ ನರಸಿಂಗಪುರದಲ್ಲಿ ಸೇರುತ್ತದೆ. ಸೀನಾ ಇನ್ನೂ ಕೆಳಗೆ, ಕರ್ನಾಟಕದ ಗಡಿಗೆ ತಾಗಿದಂತೆ, ಹತ್ತರಸಂಗ ಕೂಡಲದಲ್ಲಿ ಸೇರುತ್ತದೆ. ಯಾವ ಉಪನದಿ ಉಜನಿಯ ಮೇಲೆ ಸೇರುತ್ತದೆ, ಯಾವುದು ಕೆಳಗೆ ಸೇರುತ್ತದೆ ಎಂಬ ಈ ವಿವರ ಮುಂದೆ ಮತ್ತೆ ಮತ್ತೆ ಬರುತ್ತದೆ.

ಈ ಕಣಿವೆಯ ತಲೆ ಮಲೆನಾಡಿನಲ್ಲಿದೆ, ಮೈಯೆಲ್ಲ ಬೆಂಗಾಡಿನಲ್ಲಿದೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟದ ಗೋಡೆಗೆ ಬಡಿದು ಅಲ್ಲೇ ಬಸಿದುಹೋಗುತ್ತದೆ. ಬೆಟ್ಟ ದಾಟಿದ ಗಾಳಿ ಒಣಗಾಳಿ. ಪುಣೆಗೆ ವರ್ಷಕ್ಕೆ 700 ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಮಳೆ. ಇನ್ನೂ ಪೂರ್ವಕ್ಕೆ ಹೋದರೆ, ದೌಂಡ್–ಬಾರಾಮತಿ–ಇಂದಾಪುರದ ಮಳೆನೆರಳಿನಲ್ಲಿ, 500ರ ಆಸುಪಾಸು. 2024ರ ಜುಲೈ 25ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಘಟ್ಟದ ತಲೆಯ ಮೇಲಿರುವ ತಾಮ್ಹಿಣಿಯಲ್ಲಿ ಬಿದ್ದದ್ದು 556 ಮಿಲಿಮೀಟರ್. ದೌಂಡ್ ಕಡೆಯ ರೈತ ಇಡೀ ವರ್ಷ ಕಾದು ಪಡೆಯುವಷ್ಟು ಮಳೆ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಒಂದೇ ದಿನದಲ್ಲಿ ಸುರಿಯಿತು.

ಆದ್ದರಿಂದ ಕೆಳಗಿನವರ ಬದುಕು ಅವರ ತಲೆಯ ಮೇಲೆ ಬೀಳುವ ಮಳೆಯೊಂದನ್ನೇ ನಂಬಿಕೊಂಡಿಲ್ಲ. ಎಲ್ಲೋ ಬಿದ್ದ ಮಳೆಯನ್ನು ಯಾರೋ ಹಿಡಿದಿಟ್ಟು ಯಾವಾಗಲೋ ಬಿಡುತ್ತಾರೆ. ಆ ಯಾವಾಗಲೋ ಎಂಬುದೇ ಇಲ್ಲಿಯ ತಕರಾರು.

ಮೈನಸ್ ಅರವತ್ತು ಎಂದರೆ ಏನು?

ಬೇಸಿಗೆಯಲ್ಲಿ ಮರಾಠಿ ಪತ್ರಿಕೆಗಳು "ಉಜನಿ ಉಣೇ 60", ಅಂದರೆ ಉಜನಿ ಮೈನಸ್ 60, ಎಂಬಂಥ ತಲೆಬರಹ ಕೊಡುತ್ತವೆ. ಅಣೆಕಟ್ಟೆಯ ನೀರು ಶೂನ್ಯಕ್ಕಿಂತ ಕೆಳಗೆ ಹೇಗೆ ಹೋಗುತ್ತದೆ ಎಂದು ಕೇಳದವರಿಲ್ಲ.

ಉಜನಿ ಸುಮಾರು 117 ಟಿಎಂಸಿ ಹಿಡಿಯುವ ಜಲಾಶಯ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ಕಾಲುವೆಯ ಬಾಯಿಗೆ ಎಟಕುವ ನೀರು, ಅಂದರೆ ಬಳಕೆಯ ಸಂಗ್ರಹ, ಸುಮಾರು 53 ಟಿಎಂಸಿ. ತಳದಲ್ಲಿ ಉಳಿಯುವ ಸುಮಾರು 63 ಟಿಎಂಸಿಯನ್ನು ಡೆಡ್ ಸ್ಟೋರೇಜ್ ಎನ್ನುತ್ತಾರೆ. ಬಳಸಬಾರದೆಂದು ಬಿಟ್ಟ ನೀರು ಬಳಸುವ ನೀರಿಗಿಂತ ಹೆಚ್ಚಿರುವ ಅಪರೂಪದ ಅಣೆಕಟ್ಟು ಇದು. ಬಳಕೆಯ 53 ಟಿಎಂಸಿ ಮುಗಿದಾಗ ಲೆಕ್ಕ ಶೂನ್ಯಕ್ಕೆ ಬರುತ್ತದೆ. ಅಲ್ಲಿಂದ ಕೆಳಗಿನದನ್ನೂ ನದಿಗೆ ಬಿಟ್ಟರೆ, ಪಂಪ್ ಹಚ್ಚಿ ಎತ್ತಿದರೆ, ಬಿಸಿಲಿಗೆ ಆವಿಯಾದರೆ, ಆ ಖರ್ಚನ್ನು 53ರ ಶೇಕಡಾವಾರಿನಲ್ಲಿ ಋಣಚಿಹ್ನೆ ಹಾಕಿ ತೋರಿಸುತ್ತಾರೆ. 2023ರ ಮಳೆಗಾಲದಲ್ಲಿ ಉಜನಿ ತುಂಬಲೇ ಇಲ್ಲ. ಆ ವರ್ಷ ಕರ್ನಾಟಕ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತ್ತು. 2024ರ ಜೂನ್ ಹೊತ್ತಿಗೆ ಉಜನಿ ಮೈನಸ್ 60ಕ್ಕೆ ಇಳಿಯಿತು. ಇಂಥ ಬೇಸಿಗೆಗಳಲ್ಲಿ ಇಂದಾಪುರ ತಾಲ್ಲೂಕಿನ ಪಳಸದೇವದ ಹಳೆಯ ಶಿಖರ ದೇಗುಲ ಹಿನ್ನೀರಿನಿಂದ ಮೇಲೇಳುತ್ತದೆ. ಬಿರುಕುಬಿಟ್ಟ ಮಣ್ಣಿನ ಮೇಲೆ ನಡೆದೇ ಗರ್ಭಗುಡಿಯವರೆಗೆ ಹೋಗಬಹುದು. ಮೇಯಲು ಬಂದ ಆಡುಗಳು ಅದರ ನೆರಳಿನಲ್ಲಿ ಮಲಗುತ್ತವೆ. ಅದೇ 2024ರ ಆಗಸ್ಟ್ ಮೊದಲ ವಾರದಲ್ಲಿ ಉಜನಿ ತುಂಬಿ, ಹೊಳೆಗೆ ನೀರು ಬಿಡುವ ಸ್ಥಿತಿ ಬಂತು.

ಎರಡು ತಿಂಗಳಲ್ಲಿ ಮೈನಸ್ 60ರಿಂದ ನೂರು. ಇದನ್ನು ಪವಾಡವೆಂದು ಕೆಲವರು ಸಂಭ್ರಮಿಸಿದರು. ನನಗಂತೂ ಇದು ಎಚ್ಚರಿಕೆಯಾಗಿ ಕಾಣುತ್ತದೆ. ಒಂದು ಲಕ್ಷ ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ನೀರು ಇಡೀ ಒಂದು ದಿನ ಹರಿದರೆ 8.6 ಟಿಎಂಸಿ ಆಗುತ್ತದೆ. ಹಾಗೆ ಆರು ದಿನ ಹರಿದುಬಂದರೆ ಉಜನಿಯ ಬಳಕೆಯ ಸಂಗ್ರಹ ಬಹುತೇಕ ತುಂಬಿಹೋಗುತ್ತದೆ. ಏಳನೆಯ ದಿನದ ನೀರಿಗೆ ಅಲ್ಲಿ ಜಾಗವಿಲ್ಲ.

ಎರಡು ಬಗೆಯ ನೆರೆ

ಭೀಮೆಗೆ ಬರುವ ನೆರೆ ಒಂದೇ ಜಾತಿಯದಲ್ಲ. ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಆ ಹೆಸರುಗಳಲ್ಲೇ ಹೇಳುವುದಾದರೆ, ಪುಷ್ಯ–ಆಶ್ಲೇಷಾದಲ್ಲಿ ಬರುವ ನೆರೆ ಬೇರೆ, ಉತ್ತರೆ–ಹಸ್ತ–ಚಿತ್ತೆಯಲ್ಲಿ ಬರುವ ನೆರೆ ಬೇರೆ.

ಮೊದಲನೆಯದು ಪಶ್ಚಿಮದ ನೀರು. ಜುಲೈ ಕೊನೆ, ಆಗಸ್ಟ್ ಮೊದಲು. ಘಟ್ಟದಲ್ಲಿ ಸುರಿದ ಮಳೆ ಪಾನಶೇತ್, ವರಸಗಾಂವ್, ಖಡಕವಾಸಲ, ಮುಳಶಿ, ಪವನಾ ಜಲಾಶಯಗಳನ್ನು ತುಂಬಿ, ಪುಣೆಯ ನಡುವೆ ಹರಿದು, ದೌಂಡ್ ದಾಟಿ ಉಜನಿಗೆ ಬರುತ್ತದೆ. 2024ರ ಜುಲೈ 25 ಇದರ ಸ್ಪಷ್ಟ ಉದಾಹರಣೆ. ಖಡಕವಾಸಲದಿಂದ ಬಿಟ್ಟ ನೀರು 35 ಸಾವಿರ ಕ್ಯುಸೆಕ್ ಮುಟ್ಟಿದಾಗ ಸಿಂಹಗಡ ರಸ್ತೆಯ ಏಕತಾನಗರಿಯ ಜನ ನಿದ್ದೆಯಿಂದ ಎದ್ದು ನೋಡುವಷ್ಟರಲ್ಲಿ ಕೆಳಮಹಡಿಗಳಲ್ಲಿ ನೀರಿತ್ತು. ಅದೇ ದಿನ ಜೇವರ್ಗಿಯಲ್ಲಿ ಭೀಮೆ ಶಾಂತವಾಗಿತ್ತು, ಏಕೆಂದರೆ ನಡುವೆ ಬರಿದಾದ ಉಜನಿ ಬಾಯ್ದೆರೆದು ನಿಂತಿತ್ತು. ಪುಣೆಯನ್ನು ಮುಳುಗಿಸಿದ ನೀರನ್ನು ಅದು ನುಂಗಿಕೊಂಡಿತು. ಹತ್ತು ದಿನಗಳ ನಂತರ, ಹೊಟ್ಟೆ ತುಂಬಿದ ಮೇಲೆ, ಕೆಳಗೆ ಬಿಟ್ಟಿತು. ಆ ಹತ್ತು ದಿನಗಳೇ ಕಲಬುರಗಿಗೆ ಸಿಕ್ಕ ಕಾಲಾವಕಾಶ.

ಎರಡನೆಯದು ಪೂರ್ವದ ನೀರು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್. ಇದು ಬಂಗಾಳ ಕೊಲ್ಲಿಯಲ್ಲಿ ಹುಟ್ಟುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ವಾಯುಭಾರ ಕುಸಿತ ಉಂಟಾಗಿ, ಆಂಧ್ರ–ತೆಲಂಗಾಣದ ಮೇಲಿಂದ ಪಶ್ಚಿಮಕ್ಕೆ ಸರಿದು, ಕಲಬುರಗಿ, ಸೋಲಾಪುರ, ಮರಾಠವಾಡದ ಒಣನೆಲದ ಮೇಲೆ ಸುರಿಯುತ್ತದೆ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿದ ವ್ಯವಸ್ಥೆ ಹೈದರಾಬಾದನ್ನು ಮುಳುಗಿಸಿ, ಮರುದಿನ ಸೋಲಾಪುರ ದಾಟಿ ಪುಣೆಯವರೆಗೂ ಬಂತು. ಪಂಢರಪುರದಲ್ಲಿ ಚಂದ್ರಭಾಗೆ (ಅಲ್ಲಿ ಭೀಮೆಗೆ ಇದೇ ಹೆಸರು) ಉಕ್ಕಿದಳು, ಅಫಜಲಪುರದಿಂದ ಯಾದಗಿರಿಯವರೆಗೆ ಭೀಮಾ ತೀರ ಜಲಾವೃತವಾಯಿತು. ಅದು ಚಿತ್ತೆಯ ಮಳೆ. 2025ರದು ಉತ್ತರೆಯಿಂದ ಹಸ್ತಕ್ಕೆ ಹಬ್ಬಿದ ಮಳೆ. ಈ ಸಲ ಅಹಿಲ್ಯಾನಗರ, ಬೀಡ್, ಧಾರಾಶಿವ ಜಿಲ್ಲೆಗಳಲ್ಲಿ ಬಿದ್ದದ್ದು ಸೀನೆಗೆ ಇಳಿಯಿತು. ವರ್ಷದ ಬಹುಪಾಲು ದಿನ ಬಾಟಲಿಯಲ್ಲಿ ತುಂಬಿಕೊಳ್ಳುವಷ್ಟೂ ನೀರಿಲ್ಲದ ಹೊಳೆ ಸೋಲಾಪುರ ಜಿಲ್ಲೆಯ ಹಳ್ಳಿಗಳನ್ನು ಸುತ್ತುವರಿಯಿತು.

ಈ ಎರಡನೆಯ ಬಗೆಯ ನೆರೆಯೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸೀನಾ ಉಜನಿಯ ಕೆಳಗೆ ಸೇರುವುದರಿಂದ ಅದರ ನೀರನ್ನು ತಡೆಯುವ ದೊಡ್ಡ ಜಲಾಶಯ ನಡುವೆ ಇಲ್ಲ. ಸೀನಾ–ಕೋಳೆಗಾಂವ್‌ನಂಥ ಸಣ್ಣ ಅಣೆಕಟ್ಟುಗಳು ಗಂಟೆಗಳಲ್ಲಿ ತುಂಬುತ್ತವೆ. ಆ ಹೊತ್ತಿಗೆ ಉಜನಿಯೂ, ನೀರಾ ಕಣಿವೆಯ ವೀರ ಅಣೆಕಟ್ಟೂ ತುಂಬಿಯೇ ಇರುತ್ತವೆ. ನೆಲವೂ ಹೀರಿಕೊಳ್ಳುವುದಿಲ್ಲ: ಎರೆಮಣ್ಣು ಒಮ್ಮೆ ನೆನೆದು ಉಬ್ಬಿದರೆ ಬಿರುಕುಗಳು ಮುಚ್ಚಿಕೊಂಡು, ಮೇಲೆ ಬಿದ್ದ ನೀರು ಹಾಗೇ ಹಳ್ಳಕ್ಕೆ ಜಾರುತ್ತದೆ. ಕರ್ನಾಟಕದ ಗಡಿಯೊಳಗಿನ ಸೊನ್ನ ಬ್ಯಾರೇಜ್ ಹಿಡಿಯುವುದು ಸುಮಾರು 3 ಟಿಎಂಸಿ. ಮೂರು ಲಕ್ಷ ಕ್ಯುಸೆಕ್ ಹರಿವು ಬಂದರೆ ಅದು ಮೂರು ಗಂಟೆಯೊಳಗೆ ತುಂಬುತ್ತದೆ. ಹಾಗಾಗಿ ಬ್ಯಾರೇಜಿನ ಗೇಟುಗಳನ್ನೆಲ್ಲ ಎತ್ತಿ ದಾರಿ ಬಿಡುವುದಷ್ಟೇ ಕೆಳಗಿನವರಿಗೆ ಉಳಿಯುವ ಕೆಲಸ.

ಸಮಯವೂ ಕೆಟ್ಟದ್ದು. ಸೆಪ್ಟೆಂಬರ್ ಕೊನೆಗೆ ತೊಗರಿ ಸೊಂಟದೆತ್ತರ ಬೆಳೆದು ಹೂವಿಗೆ ಅಣಿಯಾಗುತ್ತಿರುತ್ತದೆ. ನೀರು ಇಳಿದ ಮರುದಿನ ಹೊಲ ನೋಡಿದರೆ ಗಿಡ ಹಸಿರಾಗಿಯೇ ನಿಂತಿರುತ್ತದೆ, ಉಳಿಯಿತು ಎಂಬ ಆಸೆ ಹುಟ್ಟುತ್ತದೆ. ಬೇರಿಗೆ ಗಾಳಿ ಆಡದೆ ಕೆಲವು ದಿನ ಕಳೆದ ಮೇಲೆ ಎಲೆ ಹಳದಿಗೆ ತಿರುಗುತ್ತದೆ, ತುದಿ ಬಾಗುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದುಗಪ್ಪು ಗೆರೆ ಕಾಣುತ್ತದೆ. ಇದೇ ನೆಟೆ ರೋಗ. ಒದ್ದೆ ಹೊಲಕ್ಕೆ ಕೂರಿಗೆ ಇಳಿಯದೆ ಹಿಂಗಾರಿ ಜೋಳದ ಬಿತ್ತನೆಯೂ ಹದ ತಪ್ಪುತ್ತದೆ. ಪುಷ್ಯದ ನೆರೆಯಲ್ಲಿ ಮುಂಗಾರಿನ ಪೈರು ಹೋದರೆ ಮತ್ತೊಂದು ಬಿತ್ತನೆಗೆ ಕಾಲವಿರುತ್ತದೆ. ಉತ್ತರೆ–ಹಸ್ತದ ನೆರೆ ಬೆಳೆದುನಿಂತ ಪೈರನ್ನೂ ಕೊಲ್ಲುತ್ತದೆ, ಮುಂದಿನ ಪೈರನ್ನೂ ತಡೆಯುತ್ತದೆ.

ಬಿಸಿಯೇರಿದ ಕಡಲು ಮಾಡಿದ್ದೇನು?

ಇದರಲ್ಲಿ ಹವಾಮಾನ ಬದಲಾವಣೆಯ ಪಾಲು ಎಷ್ಟು? ಒಂದು ಮಳೆಯನ್ನು ಬೊಟ್ಟುಮಾಡಿ ಇದು ಅದರದೇ ಕೆಲಸ ಎನ್ನುವುದು ವಿಜ್ಞಾನದ ರೀತಿಯಲ್ಲ. ಅದು ನೋಡುವುದು ದಶಕಗಳ ಒಲವನ್ನು.

ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಮುಂದಾಗಿ ಸಿದ್ಧಪಡಿಸಿದ, ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿ ಆ ಒಲವನ್ನು ಅಂಕಿಗಳಲ್ಲಿ ಕೊಡುತ್ತದೆ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರವರೆಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಅದೇ ಅವಧಿಯಲ್ಲಿ ಮುಂಗಾರಿನ ಒಟ್ಟು ಮಳೆ ಶೇ 6ರಷ್ಟು ಕುಗ್ಗಿದೆ. ಆದರೆ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರುವ ಮಳೆಯ ಸಂದರ್ಭಗಳು ಶೇ 75ರಷ್ಟು ಹೆಚ್ಚಿವೆ.

ಕೊನೆಯ ಎರಡು ಅಂಕಿಗಳನ್ನು ಜೊತೆಯಲ್ಲಿಟ್ಟು ಓದಬೇಕು. ಒಟ್ಟು ಮಳೆ ಕಡಿಮೆ, ಒಮ್ಮೆಗೇ ಸುರಿಯುವ ಮಳೆ ಹೆಚ್ಚು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹೆಚ್ಚು ತೇವ ಹೊತ್ತ ಮೋಡ ತಡವಾಗಿ ಒಡೆಯುತ್ತದೆ, ಒಡೆದಾಗ ಜೋರಾಗಿ ಸುರಿಯುತ್ತದೆ. ನಡುವಿನ ಒಣ ದಿನಗಳು ಉದ್ದವಾಗುತ್ತವೆ, ಆ ದಿನಗಳ ಬಿಸಿಲು ನೆಲದ ಪಸೆಯನ್ನೂ ಅಗಲವಾಗಿ ಹರಡಿಕೊಂಡ ಉಜನಿಯ ನೀರನ್ನೂ ಹೀರುತ್ತದೆ. ಬರ ಮತ್ತು ನೆರೆ ಒಂದಕ್ಕೊಂದು ವಿರುದ್ಧವಾದ ಸುದ್ದಿಗಳಂತೆ ಕಂಡರೂ ಹುಟ್ಟುವುದು ಈ ಒಂದೇ ಬದಲಾವಣೆಯಿಂದ. ಮೊದಲೇ ಮಳೆ ಕಡಿಮೆಯಿರುವ ನಾಡಿಗೆ ಇದರ ಪೆಟ್ಟು ಹೆಚ್ಚು: ಹಂಚಿಕೊಂಡು ಬಿದ್ದರೆ 500 ಮಿಲಿಮೀಟರ್‌ನಲ್ಲಿ ಒಂದು ಪೈರು ಬರುತ್ತದೆ, ಅದೇ ಮಳೆ ನಾಲ್ಕಾರು ದಿನಗಳಲ್ಲಿ ಸುರಿದುಹೋದರೆ ಅದೇ ಹೊಲದಲ್ಲಿ ಬರ.

ಕಾಲವೂ ಸರಿದಿದೆ. ಹವಾಮಾನ ಇಲಾಖೆ 2020ರಲ್ಲಿ ಮುಂಗಾರಿನ ತಾರೀಖುಗಳನ್ನು ಪರಿಷ್ಕರಿಸಿದಾಗ, ವಾಯವ್ಯ ಭಾರತದಿಂದ ಮುಂಗಾರು ಹಿಂದೆ ಸರಿಯಲು ಆರಂಭಿಸುವ ದಿನವನ್ನು ಸೆಪ್ಟೆಂಬರ್ 1ರಿಂದ 17ಕ್ಕೆ ಬದಲಿಸಿತು. ಮಳೆಗಾಲದ ಕೊನೆ ತಡವಾಯಿತು ಎಂಬುದಕ್ಕೆ ಇದು ಸರ್ಕಾರದ್ದೇ ಮುದ್ರೆ. 2025ರಲ್ಲಿ ಆರಂಭವೂ ದಾರಿ ತಪ್ಪಿತು. ಜೂನ್ 10ರ ಸುಮಾರಿಗೆ ಪುಣೆಗೆ ಬರಬೇಕಾದ ಮುಂಗಾರು ಮೇ 26ಕ್ಕೇ ಬಂತು, ಮೇ ತಿಂಗಳಲ್ಲೇ ಉಜನಿಗೆ ಒಳಹರಿವು ಶುರುವಾಯಿತು. ಬೇಗ ತುಂಬಿದ ಅಣೆಕಟ್ಟು ತಡವಾಗಿ ಬರುವ ಮಳೆಗೆ ಎಷ್ಟು ಜಾಗ ಉಳಿಸಿಕೊಳ್ಳಬಲ್ಲದು?

ಗೇಟು ತೆಗೆದವರು ಯಾರು?

ಈ ಪ್ರಶ್ನೆಗೆ ಎರಡೂ ರಾಜ್ಯಗಳಲ್ಲಿ ಸಿದ್ಧ ಉತ್ತರಗಳಿವೆ. ಕರ್ನಾಟಕದ ತೀರದವರು ಹೇಳುವುದು: ಬೇಕಾದಾಗ ಹನಿ ನೀರು ಬಿಡುವುದಿಲ್ಲ, ಬೇಡವಾದಾಗ ಲಕ್ಷ ಕ್ಯುಸೆಕ್ ಬಿಡುತ್ತಾರೆ, ಅದೂ ಸರಿಯಾದ ಮುನ್ಸೂಚನೆ ಇಲ್ಲದೆ. ಮಹಾರಾಷ್ಟ್ರದ ಎಂಜಿನಿಯರುಗಳು ಹೇಳುವುದು: ಬಂದಷ್ಟನ್ನೇ ಬಿಟ್ಟಿದ್ದೇವೆ, ಅಣೆಕಟ್ಟಿನ ಸುರಕ್ಷತೆಯ ಮುಂದೆ ಬೇರೆ ದಾರಿ ಇಲ್ಲ. ಪುಣೆಯಲ್ಲಿ ಈ ಎರಡನೆಯ ಮಾತಿಗೆ ಒಂದು ತೂಕವಿದೆ. 1961ರ ಜುಲೈ 12ರಂದು ಪಾನಶೇತ್ ಒಡೆದು, ಅದರ ಹೊಡೆತಕ್ಕೆ 1879ರ ಹಳೆಯ ಖಡಕವಾಸಲ ಅಣೆಕಟ್ಟೂ ಒಡೆದು, ನಗರದ ನದಿಪಾತ್ರದ ಪೇಟೆಗಳು ಕೊಚ್ಚಿಹೋದ ನೆನಪು ಇಲ್ಲಿ ಮಾಸಿಲ್ಲ.

ಇದೇ ಜಗಳವನ್ನು ಕೃಷ್ಣೆಯಲ್ಲಿ ತಿರುವಿಹಾಕಿ ನೋಡಿ. 2019ರಲ್ಲಿ ಸಾಂಗಲಿ, ಕೊಲ್ಹಾಪುರ ಮುಳುಗಿದಾಗ ಮಹಾರಾಷ್ಟ್ರ ಬೆರಳು ತೋರಿಸಿದ್ದು ಕೆಳಗಿನ ಆಲಮಟ್ಟಿಯತ್ತ. ಅಲ್ಲಿ ಮೇಲಿನವರು ಕೆಳಗಿನವರನ್ನು ದೂರುತ್ತಾರೆ, ಇಲ್ಲಿ ಕೆಳಗಿನವರು ಮೇಲಿನವರನ್ನು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡನೇರೆ ಸಮಿತಿ 2020ರಲ್ಲಿ ಆ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಆದರೂ ಆಲಮಟ್ಟಿಯ ಎತ್ತರದ ಮಾತು ಬಂದಾಗಲೆಲ್ಲ ಹಳೆಯ ಆರೋಪ ಮತ್ತೆ ಏಳುತ್ತದೆ. ಭೀಮೆಯ ವಿಷಯದಲ್ಲಿ ಕನ್ನಡಿಗರೂ ಅದೇ ತಪ್ಪು ಮಾಡಬಾರದು. 2025ರ ನೆರೆಯನ್ನು ಪೂರ್ತಿಯಾಗಿ ಉಜನಿಯ ತಲೆಗೆ ಕಟ್ಟಿದರೆ ಸೀನೆಯ ನೀರು ನಮ್ಮ ಲೆಕ್ಕದಿಂದ ತಪ್ಪಿಹೋಗುತ್ತದೆ. ಮುಂದಿನ ಸಲವೂ ನಾವು ತಪ್ಪು ಗೇಟನ್ನೇ ಕಾಯುತ್ತಾ ಕೂರುತ್ತೇವೆ.

ಹಾಗೆಂದು ಎಂಜಿನಿಯರುಗಳ ವಾದವನ್ನೂ ಅಲ್ಲಿಗೇ ಬಿಡುವಂತಿಲ್ಲ. "ಬಂದಷ್ಟನ್ನೇ ಬಿಟ್ಟೆವು" ಎನ್ನುವುದು ನೆರೆಯ ದಿನದ ಮಟ್ಟಿಗೆ ನಿಜ. ಆ ದಿನ ಅಣೆಕಟ್ಟು ಅಷ್ಟು ತುಂಬಿದ್ದೇಕೆ ಎಂಬ ಪ್ರಶ್ನೆ ಅದಕ್ಕಿಂತ ಹಿಂದಿನದು.

ಪುಣೆಯ ಪಾಲು

ಡೆಕ್ಕನ್ ಬಳಿಯ ಬಾಬಾ ಭಿಡೆ ಸೇತುವೆ ಪುಣೆಯವರ ಮಳೆಮಾಪಕ. ನದಿಪಾತ್ರಕ್ಕೆ ಅಂಟಿಕೊಂಡ ಆ ತಗ್ಗು ಸೇತುವೆಗೆ ಪೊಲೀಸರು ಅಡ್ಡಗಟ್ಟೆ ಇಟ್ಟರೆಂದರೆ ಖಡಕವಾಸಲ ಬಿಟ್ಟಿದೆ ಎಂದೇ ಅರ್ಥ. ಅದು ಮುಳುಗುವುದು ವರ್ಷವರ್ಷದ ನೋಟವಾದ್ದರಿಂದ ನೆರೆಯೇ ಇಲ್ಲಿ ಮಾಮೂಲು ಎನಿಸಿಬಿಟ್ಟಿದೆ. ಇದು ಒಳ್ಳೆಯದಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಜನ ಸತ್ತದ್ದು ಯಾವ ಅಣೆಕಟ್ಟಿನ ನೀರಿನಿಂದಲೂ ಅಲ್ಲ. ಕಾತ್ರಜ್ ಗುಡ್ಡದ ಮೇಲೆ ಸುರಿದ ಮಳೆ ಆಂಬಿಲ್ ಓಢಾ ಎಂಬ ಹಳ್ಳದ ಇಕ್ಕಟ್ಟಾದ ಪಾತ್ರದಲ್ಲಿ ಹಿಡಿಸದೆ ಮನೆಗಳ ಗೋಡೆ ಒಡೆಯಿತು.

25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಅಂಚನ್ನು ನೀಲಿ ರೇಖೆ ಎಂದೂ, ನೂರು ವರ್ಷಕ್ಕೊಮ್ಮೆ ಬರಬಹುದಾದದ್ದರ ಅಂಚನ್ನು ಕೆಂಪು ರೇಖೆ ಎಂದೂ ಗುರುತಿಸುತ್ತಾರೆ. ಈ ಲೆಕ್ಕ ನಿಂತಿರುವುದು ಹಿಂದಿನ ಮಳೆಯ ದಾಖಲೆಯ ಮೇಲೆ. ಮಳೆಯ ಸ್ವಭಾವವೇ ಬದಲಾದರೆ ರೇಖೆಯೂ ಸರಿಯಬೇಕು. ಮುಳಾ–ಮುಠಾ ದಂಡೆಯ 44 ಕಿಲೋಮೀಟರ್ ಅಭಿವೃದ್ಧಿ ಯೋಜನೆಯ ವಿರುದ್ಧ ಪರಿಸರವಾದಿಗಳು ಎತ್ತಿರುವ ಮುಖ್ಯ ಆಕ್ಷೇಪ ಇದೇ: ನದಿಗೆ ಅಗಲ ಬೇಕಾದ ಕಾಲದಲ್ಲಿ ದಂಡೆ ಕಟ್ಟಿ ಇಕ್ಕಟ್ಟು ಮಾಡಲಾಗುತ್ತಿದೆ. ನೆರೆಯ ಲೆಕ್ಕ ಹಾಕಿಯೇ ವಿನ್ಯಾಸ ಮಾಡಿದ್ದೇವೆ ಎಂಬುದು ಪಾಲಿಕೆಯ ಉತ್ತರ. ಯಾವ ದಶಕಗಳ ಮಳೆಯ ಲೆಕ್ಕ ಎಂಬ ಒಂದು ಪ್ರಶ್ನೆಯನ್ನು ನಾಗರಿಕರು ಬಿಡದೆ ಕೇಳಬೇಕು.

ಬೇಸಿಗೆಯ ಭೀಮೆ

ನೆರೆ ಟಿವಿಯಲ್ಲಿ ಕಾಣುತ್ತದೆ, ಬರ ಅಷ್ಟು ಕಾಣುವುದಿಲ್ಲ. ಬೇಸಿಗೆಯ ಕಥೆಯಲ್ಲಿ ದೊಡ್ಡ ಪಾತ್ರ ಕಬ್ಬಿನದು. ಮಳೆನೆರಳಿನ ಇಂದಾಪುರ, ಮಾಢಾ, ಪಂಢರಪುರದಲ್ಲಿ ಕಾಲುವೆಯ ಮತ್ತು ಹಿನ್ನೀರಿನ ಬಲದಿಂದ ಕಬ್ಬು ಹಬ್ಬಿದೆ, ಕಾರ್ಖಾನೆಗಳು ನಿಂತಿವೆ. ನಮ್ಮ ಇಂಡಿ, ಅಫಜಲಪುರದ ಕಡೆಯೂ ಕಬ್ಬು ಕಡಿಮೆಯಿಲ್ಲ. ಕಬ್ಬಿಗೆ ಹೆಚ್ಚುಕಡಿಮೆ ವರ್ಷವಿಡೀ ನೀರು ಬೇಕು. ಅಂದರೆ ಅಣೆಕಟ್ಟು ತುಂಬಿಯೇ ಇರಬೇಕು ಎಂಬ ಒತ್ತಡ ಮಳೆಗಾಲದಲ್ಲೇ ಶುರುವಾಗುತ್ತದೆ. ಬೇಸಿಗೆಯ ಕಬ್ಬಿಗೂ ಸೆಪ್ಟೆಂಬರ್‌ನ ನೆರೆಗೂ ಸಂಬಂಧವಿದೆ ಎನ್ನುವುದು ಈ ಅರ್ಥದಲ್ಲಿ.

ಇನ್ನೊಂದು ಹಳೆಯ ತಕರಾರು ಪಶ್ಚಿಮಕ್ಕೆ ತಿರುಗಿದ ನೀರಿನದು. 1915ರಿಂದ 1927ರ ನಡುವೆ ಖೋಪೋಲಿ, ಭಿವಪುರಿ, ಭಿರಾ ವಿದ್ಯುತ್ ಕೇಂದ್ರಗಳು ಶುರುವಾದಾಗಿನಿಂದ ಮುಳಶಿ, ಲೋಣಾವಳ ಕಡೆಯ ನೀರು ಘಟ್ಟದ ಕೆಳಕ್ಕೆ ಧುಮುಕಿ, ಮುಂಬೈಗೆ ವಿದ್ಯುತ್ ಕೊಟ್ಟು, ಕೊಂಕಣಕ್ಕೆ ಹೋಗುತ್ತದೆ. ವರ್ಷಕ್ಕೆ ಸುಮಾರು 40 ಟಿಎಂಸಿ. ಭೀಮೆಗೆ ಸೇರಬೇಕಾದ ನೀರು ಇದು, ಬರದ ವರ್ಷದಲ್ಲಾದರೂ ತಿರುಗಿಸಬೇಡಿ ಎಂಬ ಬೇಡಿಕೆ ಮಹಾರಾಷ್ಟ್ರದೊಳಗೇ ಇದೆ. ಈ ಬೇಡಿಕೆಯಲ್ಲಿ ಹುರುಳಿದೆ.

ಕರ್ನಾಟಕದ ಪಾಲಿಗೆ ಬಂದರೆ, ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ಪ್ರಕಾರ ಭೀಮೆಯಲ್ಲಿ ತನಗೆ 15 ಟಿಎಂಸಿ ಸಲ್ಲಬೇಕು ಎಂದು ರಾಜ್ಯ ಹೇಳುತ್ತ ಬಂದಿದೆ. ಆದರೆ ಬೇಸಿಗೆ ಬಂದಾಗ ಅದು ಹಕ್ಕಾಗಿ ಹರಿದುಬರುವುದಿಲ್ಲ, ಪತ್ರ ಬರೆದು ಕೇಳಬೇಕಾಗುತ್ತದೆ. 2025ರಲ್ಲಿ ಕರ್ನಾಟಕದ ಮುಖ್ಯಮಂತ್ರಿ ಉಜನಿಯಿಂದ ಭೀಮೆಗೆ ಒಂದು ಟಿಎಂಸಿ ಬಿಡಿ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿಗೆ ಬರೆದರು. ಈವರೆಗೆ ಗಡಿಯ ಹಳ್ಳಿಗಳಿಗೆ ಬೇಸಿಗೆಯಲ್ಲಿ ಸ್ವಲ್ಪ ಆಸರೆಯಾಗಿದ್ದದ್ದು ಸೋಲಾಪುರ ನಗರದ ಕುಡಿಯುವ ನೀರು. ಅದನ್ನು ಉಜನಿಯಿಂದ ನದಿಯ ಮೂಲಕವೇ ಹರಿಸಿ ಗಡಿಯಂಚಿನ ಔಜ್ ಬಾಂದಾರ ತುಂಬಿಸುತ್ತಿದ್ದರು. ದಾರಿಯುದ್ದಕ್ಕೂ ಬಾವಿಗಳ ಸೆಲೆ ಏರುತ್ತಿತ್ತು, ಆಚೆ ದಂಡೆಯ ಇಂಡಿ ತಾಲ್ಲೂಕಿನ ಹಳ್ಳಿಗಳಿಗೂ ತೇವ ಸಿಗುತ್ತಿತ್ತು. ಈಗ ಸೋಲಾಪುರಕ್ಕೆ ಉಜನಿಯಿಂದ ಸಮಾನಾಂತರ ಕೊಳವೆ ಮಾರ್ಗವಾಗಿದೆ. ನಗರದ ದೃಷ್ಟಿಯಿಂದ ಇದು ಸರಿಯಾದ ಕೆಲಸವೇ. ನದಿಯಲ್ಲಿ ಬಿಟ್ಟ ನೀರಿನ ಬಹುಪಾಲು ದಾರಿಯಲ್ಲೇ ಹೋಗುತ್ತಿತ್ತು. ಆದರೆ ಕೊಳವೆಯಲ್ಲಿ ಹೋಗುವ ನೀರು ದಡದ ಬಾವಿಯನ್ನು ತಣಿಸುವುದಿಲ್ಲ. ನದಿಗೆ ಬಿಡುವ ಸರದಿಗಳು ಕಡಿಮೆಯಾದಷ್ಟೂ ಏಪ್ರಿಲ್, ಮೇ ತಿಂಗಳ ಭೀಮೆ ಇನ್ನಷ್ಟು ಬರಿದಾಗುತ್ತದೆ. ಅಫಜಲಪುರದ ಉಪವಾಸದ ಶಿಬಿರಗಳು ಮರಳಿ ಬರುವ ಸಾಧ್ಯತೆ ಇಲ್ಲಿದೆ. ಈ ವಿಷಯ ಎರಡೂ ಕಡೆ ಇನ್ನೂ ಚರ್ಚೆಗೇ ಬಂದಂತಿಲ್ಲ.

ಅಕ್ಟೋಬರ್ 15 ಎಂಬ ತಾರೀಖು

ಮಹಾರಾಷ್ಟ್ರದ ನೀರಾವರಿ ಆಡಳಿತದಲ್ಲಿ ಅಕ್ಟೋಬರ್ 15 ದೊಡ್ಡ ದಿನ. ಅಂದು ಅಣೆಕಟ್ಟಿನಲ್ಲಿರುವ ನೀರನ್ನು ಅಳೆದು ಕುಡಿಯಲು ಎಷ್ಟು, ಕಾಲುವೆಗೆ ಎಷ್ಟು ಸರದಿ, ಕಾರ್ಖಾನೆಗೆ ಎಷ್ಟು ಎಂದು ಹಂಚುತ್ತಾರೆ. ಆದ್ದರಿಂದ ಅಂದಿಗೆ ಅಣೆಕಟ್ಟು ತುಂಬಿರಬೇಕು ಎಂಬ ಗುರಿಯಿಟ್ಟು, ಜೂನ್‌ನಿಂದ ಪ್ರತಿ ಪಕ್ಷಕ್ಕೆ ಎಷ್ಟು ತುಂಬಬಹುದು ಎಂಬ ವೇಳಾಪಟ್ಟಿ ಮಾಡಿರುತ್ತಾರೆ. ಸೆಪ್ಟೆಂಬರ್ ನಡುವಿಗೆ ಮಳೆ ತಗ್ಗುತ್ತದೆ, ಕೊನೆಯ ನೀರನ್ನು ಹಿಡಿದಿಡಬೇಕು ಎಂಬುದು ಹಳೆಯ ಅನುಭವ ಕಲಿಸಿದ ಜಾಣತನ.

ಆ ಜಾಣತನಕ್ಕೆ ಆಧಾರವಾಗಿದ್ದ ಮಳೆ ಈಗ ಉಳಿದಿಲ್ಲ. ಚಿತ್ತೆಯಲ್ಲಿ ಎರಡು ಲಕ್ಷ ಕ್ಯುಸೆಕ್ ಬರಬಹುದಾದ ನದಿಯಲ್ಲಿ ಹಸ್ತದ ಹೊತ್ತಿಗೆ ಅಣೆಕಟ್ಟನ್ನು ಅಂಚಿನವರೆಗೆ ತುಂಬಿಸಿಡುವುದು ಅಪಾಯ. ಒಂದಷ್ಟು ಜಾಗ ಖಾಲಿ ಬಿಡಿ, ಮುನ್ಸೂಚನೆ ನೋಡಿ ಮೊದಲೇ ಬಿಡಿ ಎಂದು ತಜ್ಞರು ಹೇಳುತ್ತಾರೆ. ಕೇಳಲು ಸುಲಭ. ಮುನ್ಸೂಚನೆ ನಂಬಿ 5 ಟಿಎಂಸಿ ಬಿಟ್ಟ ಮೇಲೆ ಮಳೆ ಬಾರದೆ ಹೋದರೆ, ಬೇಸಿಗೆಯಲ್ಲಿ ರೈತನ ಮುಂದೆ ನಿಲ್ಲಬೇಕಾದವನು ಅದೇ ಎಂಜಿನಿಯರ್. ತುಂಬಿಸಿಟ್ಟು ನೆರೆ ಬಂದರೆ "ಪ್ರಕೃತಿ ವಿಕೋಪ" ಎನ್ನಬಹುದು, ಬಿಟ್ಟು ಬರ ಬಂದರೆ ಹೆಸರು ಹಿಡಿದು ಬೈಯುತ್ತಾರೆ. ಹೀಗಿರುವಾಗ ಯಾವ ಅಧಿಕಾರಿಯೂ ಮೊದಲೇ ಬಿಡುವ ಧೈರ್ಯ ಮಾಡುವುದಿಲ್ಲ. ತೊಡಕಿನ ಮೂಲ ಇಲ್ಲಿದೆ, ಮನುಷ್ಯರ ಕೆಟ್ಟತನದಲ್ಲಿಲ್ಲ.

ಇದನ್ನು ಸಡಿಲಿಸಬೇಕಾದರೆ ಆ ನಷ್ಟದ ಹೊಣೆ ಒಬ್ಬ ಅಧಿಕಾರಿಯ ಹೆಗಲಿನಿಂದ ನಿಯಮದ ಹೆಗಲಿಗೆ ಬರಬೇಕು. ಇಷ್ಟು ದಿನದ ಮುನ್ಸೂಚನೆ ಇಷ್ಟು ಮಳೆ ಹೇಳಿದರೆ ಇಷ್ಟು ಜಾಗ ಖಾಲಿ ಎಂದು ಮೊದಲೇ ಬರೆದಿಡಬೇಕು. ಹಾಗೆ ಬಿಟ್ಟ ನೀರನ್ನು ಕೆಳಗಿನ ಬಾಂದಾರ–ಬ್ಯಾರೇಜುಗಳು ಮತ್ತು ಕೆರೆಗಳು ಹಿಡಿದುಕೊಳ್ಳುವಂತೆ ಕರ್ನಾಟಕವೂ ಸಿದ್ಧವಾಗಿರಬೇಕು. ಆಗ ಮೊದಲೇ ಬಿಟ್ಟ ಐದು ಟಿಎಂಸಿ ವ್ಯರ್ಥವಾಗುವುದಿಲ್ಲ, ಬೇಸಿಗೆಯಲ್ಲಿ ಬೇಡುವ ಒಂದು ಟಿಎಂಸಿಯ ಜಗಳವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಕೃಷ್ಣಾ–ಭೀಮಾ ಕಣಿವೆಯ ಮಳೆ ಮತ್ತು ಹರಿವನ್ನು ಆಗಿಂದಾಗಲೇ ಅಳೆಯುವ ವ್ಯವಸ್ಥೆ ಮಹಾರಾಷ್ಟ್ರ ಜಲಸಂಪನ್ಮೂಲ ಇಲಾಖೆಯ ಬಳಿ ಪುಣೆಯಲ್ಲೇ ಇದೆ. ಅಂಕಿಗಳು ಇವೆ. ಇಲ್ಲದಿರುವುದು ಎರಡು ರಾಜ್ಯಗಳ ಎಂಜಿನಿಯರುಗಳು ಮಳೆಗಾಲದುದ್ದಕ್ಕೂ ಒಂದೇ ಮೇಜಿನಲ್ಲಿ ಕುಳಿತು ಭೀಮೆಯ ಗೇಟುಗಳನ್ನು ನಿರ್ಧರಿಸುವ ಅಧಿಕಾರ.

ಯಾವ ಅಂಕಿಯನ್ನು ನೋಡಬೇಕು?

ಅಂಥ ಏರ್ಪಾಡು ಬರುವವರೆಗೆ ಪುಣೆಯಲ್ಲಿರುವ, ಊರಿನ ಚಿಂತೆಯಿರುವ ಮನೆಗಳು ನೆರೆಯ ಸುದ್ದಿಯನ್ನು ಸರಿಯಾಗಿ ಓದಿಕೊಳ್ಳಬೇಕು. ಜುಲೈಯಲ್ಲಿ ಖಡಕವಾಸಲದ ಅಂಕಿ ಪುಣೆಯ ನದಿಪಾತ್ರದವರಿಗೆ ಮುಖ್ಯ. ಊರಿನವರಿಗೆ ಮುಖ್ಯವಾದದ್ದು ಉಜನಿಯ ಶೇಕಡಾವಾರು ಮತ್ತು ದೌಂಡ್ ಬಳಿಯ ಒಳಹರಿವು. ಉಜನಿ ಅರ್ಧ ಖಾಲಿಯಿದ್ದರೆ ಪುಣೆಯ ನೆರೆ ಅಲ್ಲೇ ನಿಲ್ಲುತ್ತದೆ. ಆಗಸ್ಟ್ ದಾಟಿದ ಮೇಲೆ ಖಡಕವಾಸಲವನ್ನು ನೋಡುತ್ತ ಕೂತರೆ ಉಪಯೋಗವಿಲ್ಲ. ಆಗ ಉಜನಿಯ ಹೊರಹರಿವಿಗೆ ವೀರ ಅಣೆಕಟ್ಟಿನ ಹೊರಹರಿವನ್ನು ಕೂಡಿಸಬೇಕು, ಅದಕ್ಕೆ ಸೀನೆಯ ಹರಿವನ್ನು ಸೇರಿಸಬೇಕು. ಸೊನ್ನಕ್ಕೆ ಬರುವುದು ಈ ಮೂರರ ಮೊತ್ತ. ಉಜನಿ ನೂರು ಎಂದಿರುವಾಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ, ಪುಣೆಯ ಆಕಾಶ ಶುಭ್ರವಾಗಿದ್ದರೂ, ಹೊಳೆಗೆ ಇಳಿಸಿದ ಪಂಪ್‌ಸೆಟ್ ಅಂದೇ ಎತ್ತಿಡಿ ಎಂದು ಊರಿಗೆ ಫೋನ್ ಮಾಡಬೇಕು.